ಒಂದೇ ಸರಪಳಿಯಲ್ಲಿ ಎರಡು ಪ್ರೋಟೀನ್: ಫ್ಯೂಷನ್ ಪ್ರೋಟೀನ್ ಪಾಠಕ್ಕೆ ಒಂದು ದಾರಿ

ದ್ವಿತೀಯ ಪಿಯುಸಿ ಜೀವಶಾಸ್ತ್ರ ಪಠ್ಯದಲ್ಲಿ ಇನ್ಸುಲಿನ್ ತಯಾರಿಕೆಯ ಬಗ್ಗೆ ಒಂದು ಪುಟ್ಟ ವಿವರಣೆ ಇದೆ. ಇನ್ಸುಲಿನ್‌ನ ಎ ಮತ್ತು ಬಿ ಸರಪಳಿಗಳಿಗೆ ಬೇಕಾದ ಡಿಎನ್‌ಎ ತುಣುಕುಗಳನ್ನು ಬೇರೆ ಬೇರೆಯಾಗಿ ತಯಾರಿಸಿ, ಪ್ಲಾಸ್ಮಿಡ್‌ಗಳಿಗೆ ಸೇರಿಸಿ, ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಇಟ್ಟರು. ಬಂದ ಸರಪಳಿಗಳನ್ನು ಹೊರತೆಗೆದು ಡೈಸಲ್ಫೈಡ್ ಬಂಧಗಳಿಂದ ಕೂಡಿಸಿದರು. ನಮ್ಮ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಯಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಚಿತ್ರ ಬಿಡಿಸಿ, ಎರಡು ಗೆರೆ ಎಳೆದು, ಗೆರೆಗಳ ನಡುವೆ ಗಂಧಕದ ಸೇತುವೆ ಹಾಕಿದರೆ ಆಯಿತು.

ಪಠ್ಯ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನಡುವೆ ಒಂದು ಹೆಜ್ಜೆ ಬಿಟ್ಟುಹೋಗಿದೆ. ಮೊದಲ ಪ್ರಯೋಗಗಳಲ್ಲಿ ಆ ಸರಪಳಿಗಳು ಬ್ಯಾಕ್ಟೀರಿಯಾದಲ್ಲಿ ಒಂಟಿಯಾಗಿ ಹುಟ್ಟಲಿಲ್ಲ. ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ದೊಡ್ಡ ಪ್ರೋಟೀನಿನ ಬಾಲವಾಗಿ ಹುಟ್ಟಿದವು. ಆಮೇಲೆ ಅವನ್ನು ಅಲ್ಲಿಂದ ಕತ್ತರಿಸಿ ತೆಗೆಯಲಾಯಿತು. ಹೀಗೆ ಎರಡು ಪ್ರೋಟೀನ್‌ಗಳು ಒಂದೇ ಉದ್ದ ಸರಪಳಿಯಾಗಿ ತಯಾರಾದರೆ ಅದೇ ಫ್ಯೂಷನ್ ಪ್ರೋಟೀನ್. ಬಿಟ್ಟುಹೋದ ಆ ಹೆಜ್ಜೆಯನ್ನು ತರಗತಿಗೆ ತಂದರೆ ವಂಶವಾಹಿಯಿಂದ ಪ್ರೋಟೀನಿನವರೆಗಿನ ಇಡೀ ಪಾಠ ಮಕ್ಕಳಲ್ಲಿ ಎಷ್ಟು ಗಟ್ಟಿಯಾಗಿದೆ ಎಂಬುದೂ ಗೊತ್ತಾಗುತ್ತದೆ.

ಮೊದಲು ಹೆಸರಿನ ತೊಡಕು. ಫ್ಯೂಷನ್ ಎಂದೊಡನೆ ಮಕ್ಕಳಿಗೆ ಭೌತಶಾಸ್ತ್ರದ ಬೈಜಿಕ ಸಮ್ಮಿಲನ ನೆನಪಾಗುತ್ತದೆ. ಇಲ್ಲವಾದರೆ ಎರಡು ದ್ರಾವಣ ಬೆರೆಸಿದ ಚಿತ್ರ ಕಣ್ಣಮುಂದೆ ಬರುತ್ತದೆ. ‘ಎರಡು ಪ್ರೋಟೀನ್‌ಗಳನ್ನು ಸೇರಿಸಿದಾಗ ಸಿಗುವ ಮಿಶ್ರಣ’ ಎಂದು ಪಾಠಯೋಜನೆಯಲ್ಲೇ ಬರೆದರೆ ಆ ಚಿತ್ರಕ್ಕೆ ನಾವೇ ಮುದ್ರೆ ಒತ್ತಿದಂತೆ. ತಯಾರಾದ ಎರಡು ಪ್ರೋಟೀನ್‌ಗಳನ್ನು ತಂದು ಅಂಟಿಸುವುದಲ್ಲ ಇದು. ಜೋಡಣೆ ನಡೆಯುವುದು ವಂಶವಾಹಿಯಲ್ಲಿ. ರೈಬೋಸೋಮ್‌ಗೆ ಅಲ್ಲಿ ಎರಡು ವಂಶವಾಹಿ ಇವೆ ಎಂಬುದೇ ತಿಳಿಯದು. ಅದು ಒಂದೇ ಉದ್ದ ವಾಕ್ಯವೆಂದು ಓದಿಕೊಂಡು ಹೋಗುತ್ತದೆ. ಕಪ್ಪುಹಲಗೆಯ ಮೇಲೆ ಬರೆಯಬೇಕಾದ ಮೊದಲ ಮಾತು ಇದು.

ಕನ್ನಡ ವ್ಯಾಕರಣದ ಸಮಾಸ ಇಲ್ಲಿ ಒಳ್ಳೆಯ ಆಸರೆ. ‘ತಲೆಯಲ್ಲಿ ನೋವು’ ಎರಡು ಪದ; ನಡುವಿನ ವಿಭಕ್ತಿ ಪ್ರತ್ಯಯ ಬಿದ್ದುಹೋದರೆ ‘ತಲೆನೋವು’ ಒಂದೇ ಪದ. ಎರಡೂ ಪದಗಳ ಅರ್ಥ ಉಳಿದಿದೆ, ನಡುವಿನ ತಡೆ ಹೋಗಿದೆ. ಫ್ಯೂಷನ್ ಪ್ರೋಟೀನ್ ಮಾಡುವಾಗ ಬೀಳಬೇಕಾದ ತಡೆ ಎಂದರೆ ಮೊದಲ ವಂಶವಾಹಿಯ ಕೊನೆಯಲ್ಲಿರುವ ನಿಲುಗಡೆ ಕೋಡಾನ್. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಪೂರ್ವಪದ ಪ್ರಧಾನವೋ ಉತ್ತರಪದ ಪ್ರಧಾನವೋ ಎಂದು ಮುಂದುವರಿಸಿದರೆ ಅದು ಕನ್ನಡದ ಅವಧಿಯಾಗುತ್ತದೆ.

ಇನ್ನು ಕಥೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಯಿಚಿ ಇಟಾಕುರಾ, ಆರ್ಥರ್ ರಿಗ್ಸ್, ಹರ್ಬರ್ಟ್ ಬೋಯರ್ ಮತ್ತು ಸಂಗಡಿಗರು ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನನ್ನು ಬ್ಯಾಕ್ಟೀರಿಯಾದಿಂದ ಮಾಡಿಸಲು ಹೊರಟಿದ್ದರು. ಕೇವಲ 14 ಅಮೈನೋ ಆಮ್ಲಗಳ ಪುಟ್ಟ ಸರಪಳಿ ಅದು. ಅದನ್ನು ಮೊದಲ ಬಾರಿ ಪ್ರತ್ಯೇಕಿಸಿದಾಗ ಲಕ್ಷಗಟ್ಟಲೆ ಕುರಿಗಳ ಮೆದುಳಿನ ತುಣುಕು ಬೇಕಾಗಿತ್ತು. ಇವರು ಅದರ ವಂಶವಾಹಿಯನ್ನು ಯಾವ ಪ್ರಾಣಿಯಿಂದಲೂ ತೆಗೆಯದೆ ರಾಸಾಯನಿಕವಾಗಿ ಕಟ್ಟಿದರು. 14 ಅಮೈನೋ ಆಮ್ಲಕ್ಕೆ 14 ಕೋಡಾನ್, ಎಂದರೆ 42 ಅಕ್ಷರ. ಜೊತೆಗೆ ಆಚೀಚೆ ಕೆಲವು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ.

ಮೊದಲ ಪ್ರಯತ್ನದಲ್ಲಿ ಈ ವಂಶವಾಹಿಯನ್ನು ಬೀಟಾ-ಗ್ಯಾಲಕ್ಟೋಸಿಡೇಸ್‌ನ ಆರಂಭದ ತುಸು ಭಾಗಕ್ಕೆ ಮಾತ್ರ ಸೇರಿಸಿದ್ದರು. ಸಿಕ್ಕಿದ್ದು ಸೊನ್ನೆ. ಡಿಎನ್‌ಎ ಸರಿಯಾಗಿತ್ತು, ಪ್ಲಾಸ್ಮಿಡ್ ಸರಿಯಾಗಿತ್ತು, ಹಾರ್ಮೋನ್ ಮಾತ್ರ ಇರಲಿಲ್ಲ. ತರಗತಿಯಲ್ಲಿ ಇಲ್ಲಿ ನಿಂತು, ‘ಏನಾಗಿರಬಹುದು?’ ಎಂದು ಕೇಳಿ ಕಾಯಬೇಕು. ಪ್ರಶ್ನೆ ಕೇಳಿದ ಮೂರನೇ ಸೆಕೆಂಡಿಗೆ ತಾವೇ ಉತ್ತರ ಹೇಳಿಬಿಡುವ ಅವಸರ ಬೇಡ. ಅವರ ಊಹೆ ಹೀಗಿತ್ತು: ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ. ಸರಿಯಾಗಿ ಮಡಚಿಕೊಳ್ಳದ, ಚೂರುಪಾರು ಸರಪಳಿಗಳನ್ನು ಅವು ಕಸವೆಂದು ತಿಂದುಹಾಕುತ್ತವೆ. 14 ಅಮೈನೋ ಆಮ್ಲದ ಅತಿಥಿ ಅವುಗಳ ಕಣ್ಣಿಗೆ ಕಸವೇ.

ಹಾಗಾಗಿ ಎರಡನೇ ಸಲ ಜೋಡಣೆಯನ್ನು ಬೀಟಾ-ಗ್ಯಾಲಕ್ಟೋಸಿಡೇಸ್ ವಂಶವಾಹಿಯ ಕೊನೆಯ ಹತ್ತಿರ ಮಾಡಿದರು. ಈಗ ತಯಾರಾದದ್ದು ಸಾವಿರದಷ್ಟು ಅಮೈನೋ ಆಮ್ಲಗಳ ದೊಡ್ಡ ಪ್ರೋಟೀನ್. ಅದರ ತುದಿಯಲ್ಲಿ ಸೊಮ್ಯಾಟೊಸ್ಟ್ಯಾಟಿನ್. ಬ್ಯಾಕ್ಟೀರಿಯಾಕ್ಕೆ ಅದು ತನ್ನ ಮನೆಯ ಪ್ರೋಟೀನಿನಂತೆಯೇ ಕಂಡಿತು. ಹಾರ್ಮೋನ್ ಉಳಿಯಿತು.

ಉಳಿಯಿತು, ಸರಿ, ಬಿಡಿಸುವುದು ಹೇಗೆ? ಅದಕ್ಕೂ ಮೊದಲೇ ಏರ್ಪಾಡು ಆಗಿತ್ತು. ಎರಡರ ಸಂಧಿಯಲ್ಲಿ ಮೆಥಿಯೋನಿನ್‌ನ ಕೋಡಾನ್ ಎಟಿಜಿ ಇಟ್ಟಿದ್ದರು. ಸಯನೋಜೆನ್ ಬ್ರೋಮೈಡ್ ಎಂಬ ರಾಸಾಯನಿಕ ಪ್ರೋಟೀನ್ ಸರಪಳಿಯನ್ನು ಮೆಥಿಯೋನಿನ್ ಇರುವಲ್ಲಿ, ಅದರ ಮುಂಬದಿಗೆ, ಕತ್ತರಿಸುತ್ತದೆ. ಸೊಮ್ಯಾಟೊಸ್ಟ್ಯಾಟಿನ್‌ನ 14ರಲ್ಲಿ ಒಂದೂ ಮೆಥಿಯೋನಿನ್ ಇಲ್ಲ. ಬೀಟಾ-ಗ್ಯಾಲಕ್ಟೋಸಿಡೇಸ್ ಚೂರುಚೂರಾಗುತ್ತದೆ, ಹಾರ್ಮೋನ್ ಮಾತ್ರ ಇಡಿಯಾಗಿ ಹೊರಬರುತ್ತದೆ. ಮರುವರ್ಷ, 1978ರಲ್ಲಿ, ಇದೇ ಉಪಾಯದಿಂದ ಇನ್ಸುಲಿನ್‌ನ 21 ಅಮೈನೋ ಆಮ್ಲದ ಎ ಸರಪಳಿ ಮತ್ತು 30ರ ಬಿ ಸರಪಳಿಗಳನ್ನು ಬೇರೆ ಬೇರೆ ಬ್ಯಾಕ್ಟೀರಿಯಾ ತಳಿಗಳಲ್ಲಿ ತಯಾರಿಸಿದರು. ಮಾನವ ಇನ್ಸುಲಿನ್‌ನಲ್ಲೂ ಮೆಥಿಯೋನಿನ್ ಇಲ್ಲದ್ದು ಅದೃಷ್ಟ. 1982ರಲ್ಲಿ ಈ ಬಗೆಯ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸಯನೋಜೆನ್ ಬ್ರೋಮೈಡ್ ಘೋರ ವಿಷ. ಮಾತಿನಲ್ಲಿ ಬಂದು ಹೋಗಲಿ, ಶಾಲೆಯ ಪ್ರಯೋಗಾಲಯದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಇಲ್ಲೊಂದು ಪೂರ್ವಜ್ಞಾನದ ಅವಕಾಶವಿದೆ. ಬೀಟಾ-ಗ್ಯಾಲಕ್ಟೋಸಿಡೇಸ್ ಮಕ್ಕಳಿಗೆ ಹೊಸದಲ್ಲ. ಲ್ಯಾಕ್ ಓಪೆರಾನ್ ಪಾಠದಲ್ಲಿ ಝಡ್ ವಂಶವಾಹಿಯ ಉತ್ಪನ್ನವಾಗಿ ಅದು ಬಂದಿತ್ತು. ಜೈವಿಕ ತಂತ್ರಜ್ಞಾನದ ತತ್ವಗಳ ಅಧ್ಯಾಯದಲ್ಲಿ ನೀಲಿ ಮತ್ತು ಬಣ್ಣವಿಲ್ಲದ ಕಾಲೊನಿಗಳನ್ನು ಗುರುತಿಸುವಾಗ ಮತ್ತೆ ಬಂದಿತ್ತು. ಇದು ಮೂರನೇ ಸಲ. ಚುರುಕಾದ ವಿದ್ಯಾರ್ಥಿನಿ ಕೇಳಬಹುದು: ‘ಸರ್, ಆವಾಗ ಅದರೊಳಗೆ ಬೇರೆ ಡಿಎನ್‌ಎ ಸೇರಿಸಿದರೆ ಕಿಣ್ವ ಕೆಡುತ್ತದೆ ಎಂದಿರಿ, ಈಗ ಸೇರಿಸಿದರೆ ಒಳ್ಳೆಯದು ಎನ್ನುತ್ತೀರಲ್ಲ?’ ಪ್ರಶ್ನೆ ಬಂದರೆ ಪಾಠ ಗೆದ್ದಂತೆ. ಅಲ್ಲಿ ಕಿಣ್ವ ಕೆಡುವುದೇ ನಮಗೆ ಬೇಕಾದ ಗುರುತು. ಬಣ್ಣ ಬಾರದಿದ್ದರೆ ಡಿಎನ್‌ಎ ಸೇರಿದೆ ಎಂದು ತಿಳಿಯುತ್ತೇವೆ. ಇಲ್ಲಿ ಕಿಣ್ವದ ಕೆಲಸವೇ ನಮಗೆ ಬೇಡ, ಅದರ ದೊಡ್ಡ ಗಾತ್ರದ ರಕ್ಷಣೆ ಮಾತ್ರ ಸಾಕು.

ಈ ಉಪಾಯದ ಬೆಲೆಯನ್ನೂ ಹೇಳಬೇಕು. ಸಾವಿರ ಅಮೈನೋ ಆಮ್ಲ ಕಟ್ಟಿ 14ನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುವುದು ದುಬಾರಿ ವ್ಯವಹಾರ. ನಂತರದ ವರ್ಷಗಳಲ್ಲಿ ಜೋಡಿಸುವ ತುಣುಕು ಚಿಕ್ಕದಾಗುತ್ತ ಬಂತು. ಇಂದು ಪ್ರಯೋಗಾಲಯಗಳಲ್ಲಿ ತೀರಾ ಸಾಮಾನ್ಯವಾದದ್ದು ಸಾಲಾಗಿ ಆರು ಹಿಸ್ಟಿಡಿನ್‌ಗಳ ಬಾಲ. ಅದು ರಕ್ಷಣೆಗಲ್ಲ, ಹಿಡಿದೆಳೆಯುವುದಕ್ಕೆ. ನಿಕ್ಕೆಲ್ ಅಯಾನುಗಳನ್ನು ಹೊತ್ತ ಕಣಗಳ ಕೊಳವೆಯಲ್ಲಿ ಕೋಶರಸವನ್ನು ಹರಿಸಿದರೆ ಹಿಸ್ಟಿಡಿನ್ ಬಾಲದ ಪ್ರೋಟೀನ್ ಅಂಟಿಕೊಳ್ಳುತ್ತದೆ, ಮಿಕ್ಕವುಗಳಲ್ಲಿ ಹೆಚ್ಚಿನವು ಹರಿದುಹೋಗುತ್ತವೆ. ಸಾವಿರಾರು ಪ್ರೋಟೀನ್‌ಗಳ ಗೊಂದಲದಿಂದ ಬೇಕಾದ ಒಂದನ್ನು ಹೆಕ್ಕಲು ಇಷ್ಟು ಸಾಕು.

ಈಗ ವಂಶವಾಹಿಯ ಜೋಡಣೆಗೆ ಬರೋಣ. ಇದಕ್ಕೆ ಬೋಧನೋಪಕರಣವಾಗಿ ರಟ್ಟಿನ ಅಕ್ಷರ ಪಟ್ಟಿಗಳು ಸಾಕು, ಪವರ್‌ಪಾಯಿಂಟ್ ಬೇಡ. ಕೋಡಾನ್ ಮೂರು ಅಕ್ಷರದ್ದು ತಾನೆ? ಕನ್ನಡದಲ್ಲಿ ಮೂರಕ್ಷರದ ಪದಗಳಿಗೆ ಬರವಿಲ್ಲ. ಮೊದಲ ವಂಶವಾಹಿ ಹೀಗಿರಲಿ: ‘ಕಮಲ ಮನೆಗೆ ಬರಲು ಮುಗಿಸು’. ಇದರಲ್ಲಿ ‘ಮುಗಿಸು’ ನಿಲುಗಡೆ ಕೋಡಾನ್. ಆ ಪದ ಬಂದೊಡನೆ ಓದುವುದನ್ನು ನಿಲ್ಲಿಸಬೇಕು. ಎರಡನೆಯದು: ‘ಗೆಳತಿ ಒಳಗೆ ನಕ್ಕಳು ಮುಗಿಸು’. ಪದಗಳ ನಡುವೆ ಜಾಗ ಬಿಡದೆ, ಒಂದು ರಟ್ಟಿಗೆ ಒಂದೇ ಅಕ್ಷರದಂತೆ ಬರೆದು ಮಕ್ಕಳ ಕೈಗೆ ಕೊಡಿ. ಒತ್ತಕ್ಷರವೂ ಒಂದೇ ಅಕ್ಷರವೆಂದು ಮೊದಲೇ ಹೇಳಿಬಿಡಿ. ಒಬ್ಬ ವಿದ್ಯಾರ್ಥಿ ರೈಬೋಸೋಮ್. ಅವನು ಮೂರು ಮೂರಾಗಿ ಓದುತ್ತಾನೆ.

ಎರಡನ್ನೂ ಹಾಗೆಯೇ ಪಕ್ಕಪಕ್ಕ ಇಟ್ಟರೆ ರೈಬೋಸೋಮ್ ‘ಕಮಲ ಮನೆಗೆ ಬರಲು’ ಎಂದು ಓದಿ ನಿಂತುಬಿಡುತ್ತದೆ. ಗೆಳತಿಯ ಸುದ್ದಿಯೇ ಇಲ್ಲ. ಮೊದಲ ‘ಮುಗಿಸು’ ತೆಗೆದರೆ ‘ಕಮಲ ಮನೆಗೆ ಬರಲು ಗೆಳತಿ ಒಳಗೆ ನಕ್ಕಳು’ ಎಂದು ಇಡೀ ವಾಕ್ಯ ಬರುತ್ತದೆ. ಇನ್ನು ಸಂಧಿಯಲ್ಲಿ ‘ತ’ ಎಂಬ ಒಂದೇ ಅಕ್ಷರ ಹೆಚ್ಚಾಗಿ ಸೇರಿಸಿ ಓದಿಸಿ: ‘ಕಮಲ ಮನೆಗೆ ಬರಲು ತಗೆಳ ತಿಒಳ ಗೆನಕ್ಕ...’ ತರಗತಿ ನಗುತ್ತದೆ. ನಗು ನಿಂತ ಮೇಲೆ ಕೇಳಿ: ಯಾವ ಭಾಗ ಕೆಟ್ಟಿತು, ಯಾವುದು ಉಳಿಯಿತು? ಮೊದಲ ಪ್ರೋಟೀನ್ ಸರಿಯಾಗಿಯೇ ಇದೆ, ಎರಡನೆಯದು ಅರ್ಥವಿಲ್ಲದ ಸರಪಳಿಯಾಗಿದೆ. ಕೊನೆಯ ‘ಮುಗಿಸು’ ಕೂಡ ಕದಡಿಹೋಗಿರುವುದನ್ನು ಯಾರಾದರೂ ಗಮನಿಸಿದರೆ ಬೆನ್ನು ತಟ್ಟಿ. ಓದುವ ಚೌಕಟ್ಟು ತಪ್ಪುವುದು ಎಂದರೆ ಇದೇ.

ಒಂದರ ಬದಲು ಮೂರು ಅಕ್ಷರ ಸೇರಿಸಿದರೆ? ‘ಸುಮ್ಮನೆ’ ಸೇರಿಸಿ ನೋಡಿ: ‘ಕಮಲ ಮನೆಗೆ ಬರಲು ಸುಮ್ಮನೆ ಗೆಳತಿ ಒಳಗೆ ನಕ್ಕಳು’. ಚೌಕಟ್ಟು ಉಳಿಯಿತು. ನಿಜವಾದ ಫ್ಯೂಷನ್ ಪ್ರೋಟೀನ್‌ಗಳಲ್ಲೂ ಇಂಥ ‘ಸುಮ್ಮನೆ’ ಇರುತ್ತದೆ. ಎರಡು ಭಾಗಗಳು ಒಂದಕ್ಕೊಂದು ತಾಗಿ ಮಡಚಿಕೊಳ್ಳಲು ಅಡ್ಡಿಯಾಗದಂತೆ ನಡುವೆ ಗ್ಲೈಸಿನ್ ಮತ್ತು ಸೆರಿನ್ ಎಂಬ ಚಿಕ್ಕ ಅಮೈನೋ ಆಮ್ಲಗಳ ಸಡಿಲ ಕೊಂಡಿ ಇಡುತ್ತಾರೆ. ಒಂದೇ ಸರಪಳಿಯಾದರೂ ಎರಡೂ ತಮ್ಮ ತಮ್ಮ ಕೆಲಸ ಮಾಡುವುದು ಯಾಕೆಂದರೆ ಅನೇಕ ಪ್ರೋಟೀನ್‌ಗಳಲ್ಲಿ ಸರಪಳಿಯ ಬೇರೆ ಬೇರೆ ಭಾಗಗಳು ತಾವೇ ಸ್ವತಂತ್ರವಾಗಿ ಮಡಚಿಕೊಂಡು ಆಕಾರ ಪಡೆಯುತ್ತವೆ. ಎಲ್ಲ ಜೋಡಿಯೂ ಹೊಂದುತ್ತದೆ ಎಂದಲ್ಲ. ಯಾವುದನ್ನು ಮುಂದೆ ಇಡಬೇಕು, ಯಾವುದನ್ನು ಹಿಂದೆ ಎಂಬುದನ್ನು ಅನೇಕ ವೇಳೆ ಮಾಡಿಯೇ ನೋಡಬೇಕಾಗುತ್ತದೆ.

ಇಷ್ಟಾದರೆ ಒಂದು ಅವಧಿ ಮುಗಿಯುತ್ತದೆ. ಎರಡನೇ ಅವಧಿಗೆ ಉಪಯೋಗಗಳು. ಇಲ್ಲಿ ಪಟ್ಟಿ ಬರೆಸುವ ಆಸೆ ಬರುತ್ತದೆ. ನಾನು ಮೂರು ಉದಾಹರಣೆಗಳ ಮೇಲೆ ನಿಲ್ಲುವುದು ಮೇಲು ಎನ್ನುವೆ. ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ: ಜೋಡಿಸಿದ ಭಾಗ ಯಾವ ಕೆಲಸಕ್ಕೆ ಬಂತು?

ಮೊದಲನೆಯದು ತೋರಿಸುವ ಕೆಲಸ. ಏಕ್ವೋರಿಯಾ ವಿಕ್ಟೋರಿಯಾ ಎಂಬ ಜೆಲ್ಲಿಮೀನಿನಿಂದ ಒಸಾಮು ಶಿಮೊಮುರಾ 1962ರಲ್ಲಿ ಹಸಿರು ಬೆಳಗುವ ಪ್ರೋಟೀನನ್ನು ಬೇರ್ಪಡಿಸಿದ್ದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದು ಜಿಎಫ್‌ಪಿ. 238 ಅಮೈನೋ ಆಮ್ಲಗಳದ್ದು. 1992ರಲ್ಲಿ ಡಗ್ಲಸ್ ಪ್ರಾಶರ್ ಅದರ ವಂಶವಾಹಿಯನ್ನು ಪ್ರತ್ಯೇಕಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ತಂಡ ಅದನ್ನು ಒಂದು ಪುಟ್ಟ ದುಂಡುಹುಳುವಿನಲ್ಲಿಟ್ಟು ಸ್ಪರ್ಶದ ನರಕೋಶಗಳು ಬೆಳಗುವಂತೆ ಮಾಡಿತು. ಜೆಲ್ಲಿಮೀನಿನ ಬೇರೆ ಯಾವ ಪದಾರ್ಥದ ಸಹಾಯವೂ ಬೇಕಾಗಲಿಲ್ಲ. ಒಂದು ಸೂಕ್ಷ್ಮ ವ್ಯತ್ಯಾಸ ಇಲ್ಲಿದೆ. ಚಾಲ್ಫಿಯವರ ಹುಳುವಿನಲ್ಲಿ ಜಿಎಫ್‌ಪಿ ಒಂಟಿಯಾಗಿತ್ತು; ಯಾವ ಕೋಶದಲ್ಲಿ ವಂಶವಾಹಿ ಕೆಲಸ ಮಾಡುತ್ತಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಅದನ್ನು ಇನ್ನೊಂದು ಪ್ರೋಟೀನಿಗೆ ಜೋಡಿಸಿದರೆ ಆ ಪ್ರೋಟೀನ್ ಕೋಶದೊಳಗೆ ಎಲ್ಲಿಗೆ ಹೋಗುತ್ತದೆ ಎಂಬುದೂ ಕಾಣುತ್ತದೆ. ಅದೇ 1994ರಲ್ಲಿ ಹಣ್ಣುನೊಣದ ಅಂಡಾಣು ಬೆಳೆಯುವಾಗ ಇಂಥ ಒಂದು ಜೋಡು ಪ್ರೋಟೀನನ್ನು ಹಿಂಬಾಲಿಸಿ ನೋಡಿದರು. ಮೊದಲನೆಯದು ಯಾವ ಮನೆಯಲ್ಲಿ ದೀಪ ಹೊತ್ತಿದೆ ಎಂದು ತೋರಿದರೆ, ಎರಡನೆಯದು ದೀಪ ಹಿಡಿದವರು ಯಾವ ಕೋಣೆಗೆ ಹೋದರು ಎಂದು ತೋರಿಸುತ್ತದೆ. ಶಿಮೊಮುರಾ, ಚಾಲ್ಫಿ ಮತ್ತು ರೋಜರ್ ಚೆನ್ ಅವರಿಗೆ 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಎರಡನೆಯದು ಔಷಧಿ. ರುಮಟಾಯ್ಡ್ ಸಂಧಿವಾತವನ್ನು ಮಕ್ಕಳು ಸ್ವಯಂ ಪ್ರತಿರಕ್ಷಾ ರೋಗವೆಂದು ಓದಿರುತ್ತಾರೆ. ಈ ರೋಗದಲ್ಲಿ ಟಿಎನ್‌ಎಫ್ ಎಂಬ ಸಂದೇಶ ಪ್ರೋಟೀನ್ ಅತಿಯಾಗಿ ಕೀಲುಗಳ ಉರಿಯೂತವನ್ನು ಕೆರಳಿಸುತ್ತದೆ. ಕೋಶಗಳ ಮೈಮೇಲೆ ಟಿಎನ್‌ಎಫ್ ಹಿಡಿಯುವ ಗ್ರಾಹಕಗಳಿವೆ. ಆ ಗ್ರಾಹಕದ ಹೊರಭಾಗವನ್ನಷ್ಟೇ ತೆಗೆದು ರಕ್ತದಲ್ಲಿ ಬಿಟ್ಟರೆ ಅದು ಟಿಎನ್‌ಎಫ್ ಅನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತದೆ, ಸಂದೇಶ ಕೋಶಕ್ಕೆ ಮುಟ್ಟುವುದಿಲ್ಲ. ಆದರೆ ಇಂಥ ಬಿಡಿ ತುಣುಕು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯದು. ಹಾಗಾಗಿ ಅದನ್ನು ಪ್ರತಿಕಾಯದ ಬುಡಭಾಗಕ್ಕೆ ಜೋಡಿಸಿದರು. ಪಠ್ಯದ ಪ್ರತಿಕಾಯ ಚಿತ್ರದಲ್ಲಿ ಇಂಗ್ಲಿಷ್‌ನ ವೈ ಅಕ್ಷರದ ಕಾಲು ಇದೆಯಲ್ಲ, ಅದೇ. ಕೈಗಳ ಜಾಗದಲ್ಲಿ ಈಗ ಎರಡು ಗ್ರಾಹಕಗಳು. ಚಿತ್ರವನ್ನು ಬಿಡಿಸಿ, ಕೈ ಅಳಿಸಿ, ಬಣ್ಣದ ಸೀಮೆಸುಣ್ಣದಲ್ಲಿ ಗ್ರಾಹಕ ಬರೆದರೆ ಅರ್ಧ ಪಾಠ ಅಲ್ಲೇ ಆಯಿತು. ರಕ್ತದಿಂದ ಕೋಶಗಳು ಒಳಗೆಳೆದುಕೊಂಡ ಪ್ರೋಟೀನ್‌ಗಳು ಸಾಮಾನ್ಯವಾಗಿ ನಾಶವಾಗುತ್ತವೆ. ಪ್ರತಿಕಾಯದ ಕಾಲು ಇದ್ದವುಗಳನ್ನು ಮಾತ್ರ ಒಂದು ವಿಶೇಷ ಗ್ರಾಹಕ ಗುರುತಿಸಿ ರಕ್ತಕ್ಕೆ ಮರಳಿಸುತ್ತದೆ. ಆ ಸೌಲಭ್ಯ ಜೋಡಿಸಿದ ಭಾಗಕ್ಕೂ ದೊರೆಯುತ್ತದೆ, ದಿನವೂ ಚುಚ್ಚಬೇಕಾಗಿಲ್ಲ. ಇದು ಎಟಾನರ್ಸೆಪ್ಟ್, ಅಮೆರಿಕದಲ್ಲಿ 1998ರಲ್ಲಿ ಅನುಮತಿ ಪಡೆದದ್ದು.

ಇದನ್ನು ಬ್ಯಾಕ್ಟೀರಿಯಾದಲ್ಲಿ ಮಾಡುವುದಿಲ್ಲ, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ ಬೆಳೆಸುತ್ತಾರೆ. ಇಂಥ ದೊಡ್ಡ ಪ್ರೋಟೀನಿಗೆ ಬೇಕಾದ ಡೈಸಲ್ಫೈಡ್ ಬಂಧಗಳು ಮತ್ತು ಸಕ್ಕರೆ ಸರಪಳಿಗಳ ಲೇಪನ ಇ. ಕೋಲೈಯ ಕೈಲಾಗದ ಕೆಲಸ.

ಔಷಧಿಯ ಇನ್ನೊಂದು ಮುಖ ಹೇಳದೆ ಮುಂದೆ ಹೋಗಬಾರದು. ಟಿಎನ್‌ಎಫ್ ಶತ್ರುವಲ್ಲ. ಶ್ವಾಸಕೋಶದಲ್ಲಿ ಅಡಗಿ ಕುಳಿತ ಕ್ಷಯದ ಬ್ಯಾಕ್ಟೀರಿಯಾಗಳ ಸುತ್ತ ದೇಹ ಕಟ್ಟುವ ಕೋಟೆಗೆ ಅದು ಬೇಕೇ ಬೇಕು. ಅದನ್ನು ತಡೆದರೆ ಸುಪ್ತ ಕ್ಷಯ ಎದ್ದು ಕೂರಬಹುದು. ಆದ್ದರಿಂದ ಈ ಬಗೆಯ ಔಷಧಿ ಆರಂಭಿಸುವ ಮುನ್ನ ಕ್ಷಯದ ಪರೀಕ್ಷೆ ಮಾಡುತ್ತಾರೆ. ಕ್ಷಯ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಅಡಿಟಿಪ್ಪಣಿಯ ಮಾತಲ್ಲ. ತರಗತಿಯಲ್ಲಿ ಯಾರ ಮನೆಯಲ್ಲಾದರೂ ಸಂಧಿವಾತದವರು ಇದ್ದೇ ಇರುತ್ತಾರೆ. ಪಾಠವನ್ನು ಮನೆಗೆ ಒಯ್ಯುವ ಮಕ್ಕಳು ‘ಹೊಸ ಇಂಜೆಕ್ಷನ್ ಇದೆಯಂತೆ’ ಎಂಬ ಅರ್ಧ ಮಾತನ್ನು ಒಯ್ಯಬಾರದು.

ಮೂರನೆಯದು ಲಸಿಕೆ. ಯೀಸ್ಟ್‌ನಿಂದ ತಯಾರಾಗುವ ಹೆಪಟೈಟಿಸ್-ಬಿ ಲಸಿಕೆಯ ಮಾತು ಪಠ್ಯದಲ್ಲಿದೆ. ಆ ವೈರಸ್ಸಿನ ಹೊರಮೈ ಪ್ರೋಟೀನಿಗೆ ಒಂದು ಗುಣವಿದೆ: ಅದು ತಾನಾಗಿ ಒಟ್ಟುಗೂಡಿ ವೈರಸ್ಸಿನಂಥ ಕಣವಾಗುತ್ತದೆ, ಪ್ರತಿರಕ್ಷಾ ವ್ಯವಸ್ಥೆಯ ಕಣ್ಣಿಗೆ ಚೆನ್ನಾಗಿ ಬೀಳುತ್ತದೆ. ಮಲೇರಿಯಾದ ಸ್ಪೋರೋಝಾಯಿಟ್‌ನ ಮೇಲಿರುವ ಪ್ರೋಟೀನಿನ ಒಂದು ಭಾಗವನ್ನು ಇದಕ್ಕೆ ಜೋಡಿಸಿದರೆ ಕಣದ ಮೈತುಂಬ ಮಲೇರಿಯಾದ ಗುರುತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಲಸಿಕೆಯ ತಿರುಳು ಇದು. 2023ರಲ್ಲಿ ಶಿಫಾರಸಾದ ಆರ್21 ಕೂಡ ಇದೇ ಬಗೆಯದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿದ ಅದು ತಯಾರಾಗುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ.

ಇಷ್ಟರಲ್ಲಿ ಮಕ್ಕಳಿಗೆ ಫ್ಯೂಷನ್ ಪ್ರೋಟೀನ್ ಎಂದರೆ ಮನುಷ್ಯನ ಜಾಣ್ಮೆ ಎಂಬ ಭಾವನೆ ಬಂದಿರುತ್ತದೆ. ಪ್ರಕೃತಿಯಲ್ಲಿ ಅದು ಅವಘಡವಾಗಿಯೂ ಆಗುತ್ತದೆ. ಒಂದು ಬಗೆಯ ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ ಅಸಹಜವಾಗಿ ಚಿಕ್ಕದಾದ ವರ್ಣತಂತುವನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಗುರುತಿಸಿದ್ದರು. 9 ಮತ್ತು 22ನೇ ವರ್ಣತಂತುಗಳು ಮುರಿದು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಮುರಿದ ತುದಿಗಳು ಕೂಡಿದಲ್ಲಿ ಬಿಸಿಆರ್ ಮತ್ತು ಎಬಿಎಲ್ ಎಂಬ ಎರಡು ವಂಶವಾಹಿಗಳು ಓದುವ ಚೌಕಟ್ಟು ತಪ್ಪದೆ ಸೇರಿಬಿಟ್ಟಿವೆ. ಎಬಿಎಲ್ ಕೋಶ ವಿಭಜನೆಗೆ ಸಂಬಂಧಿಸಿದ ಸಂದೇಶ ಕಳಿಸುವ ಕಿಣ್ವ, ಬೇಕಾದಾಗ ಮಾತ್ರ ಚಾಲೂ ಆಗುವಂಥದು. ಬಿಸಿಆರ್ ತುಣುಕು ಅಂಟಿದ ಮೇಲೆ ಅದರ ಸ್ವಿಚ್ಚು ಆರುವುದೇ ಇಲ್ಲ. ಅದೇ ಕಿಣ್ವದ ಎಟಿಪಿ ಕೂರುವ ಜಾಗವನ್ನು ಆಕ್ರಮಿಸಿ ಕೆಲಸ ನಿಲ್ಲಿಸುವ ಗುಳಿಗೆ ಇಮ್ಯಾಟಿನಿಬ್. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ನಮ್ಮ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಪೇಟೆಂಟ್ ನಿರಾಕರಿಸಿದ ಹೆಸರಾಂತ ಮೊಕದ್ದಮೆ ಇದೇ ಔಷಧಿಯ ಒಂದು ಸ್ಫಟಿಕ ರೂಪದ ಕುರಿತದ್ದು. ಸಮಾಜ ವಿಜ್ಞಾನದ ಸಹೋದ್ಯೋಗಿಗಳೊಡನೆ ಸೇರಿ ಪಾಠ ಮಾಡುವ ಅವಕಾಶವಿದ್ದರೆ ಬಿಡಬೇಡಿ.

ಮೌಲ್ಯಮಾಪನಕ್ಕೆ ‘ಫ್ಯೂಷನ್ ಪ್ರೋಟೀನಿನ ನಾಲ್ಕು ಉಪಯೋಗ ಬರೆಯಿರಿ’ ಎಂಬ ಪ್ರಶ್ನೆಯಿಂದ ಏನೂ ತಿಳಿಯದು. ಕಂಠಪಾಠ ಅದನ್ನು ದಾಟಿಸಿಬಿಡುತ್ತದೆ. ಬದಲಿಗೆ ಹೀಗೆ ಕೇಳಬಹುದು: ‘ಒಂದು ಪ್ರೋಟೀನಿನ ಬಾಲಕ್ಕೆ ಜಿಎಫ್‌ಪಿ ಜೋಡಿಸಲು ವಂಶವಾಹಿಗಳನ್ನು ಸೇರಿಸಲಾಯಿತು. ಕೋಶದಲ್ಲಿ ಮೊದಲ ಪ್ರೋಟೀನ್ ಇರುವುದು ಖಚಿತವಾಗಿದೆ, ಹಸಿರು ಬೆಳಕು ಮಾತ್ರ ಇಲ್ಲ. ಏನಾಗಿರಬಹುದು?’ ಮೊದಲ ನಿಲುಗಡೆ ಕೋಡಾನ್ ಉಳಿದುಹೋಗಿದೆ ಎಂದವರಿಗೂ ಅಂಕ ಕೊಡಿ, ಸಂಧಿಯಲ್ಲಿ ಒಂದೆರಡು ಅಕ್ಷರ ಹೆಚ್ಚುಕಡಿಮೆಯಾಗಿದೆ ಎಂದವರಿಗೂ ಕೊಡಿ. ಜಿಎಫ್‌ಪಿ ಬಂದಿದೆ, ಆದರೆ ಸರಿಯಾಗಿ ಮಡಚಿಕೊಳ್ಳಲು ಜಾಗ ಸಿಕ್ಕಿಲ್ಲ ಎಂದು ಯಾರಾದರೂ ಬರೆದರೆ, ನಡುವೆ ‘ಸುಮ್ಮನೆ’ ಇಟ್ಟು ನೋಡೋಣವೇ ಎಂದು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆದು ಹಿಂತಿರುಗಿಸಿ.